ಮೊಳಕಾಲ್ಮೂರು ದಾಟುವುದು

ನನ್ನ ದೊಡ್ಡ ಮಗಳಿಗೆ ಅಂಗಡಿಯ ಬಟ್ಟೆ ಬೇಕಿತ್ತು. ಅಷ್ಟೇ ವಿಷಯ. ಇದಕ್ಕೆ ಬೇಜಾರು ಮಾಡಿಕೊಳ್ಳುವಂಥದ್ದು ಏನಿದೆ ಹೇಳಿ. ಪಿಯುಸಿ ಮುಗಿಸಿದ್ದಳು, ಡಿಗ್ರಿ ಕಾಲೇಜಿನ ಮೊದಲ ದಿನಕ್ಕೆ ಒಂದು ರೆಡಿಮೇಡ್ ಡ್ರೆಸ್ ಕೊಡಿಸು ಎಂದಳು. ಕೇಳಿದ್ದು ಯಾರನ್ನು? ಚಳ್ಳಕೆರೆಗೆ ಮದುವೆಯಾಗಿ ಬಂದಾಗಿನಿಂದ ಹೊಲಿಗೆ ಮಿಷನ್ ತುಳಿಯುತ್ತಿರುವ ನನ್ನನ್ನು. ಊರಾಚೆ ಉಳ್ಳಾರ್ತಿ ಕಾವಲಿನ ಕಡೆ ವಿಜ್ಞಾನ ಸಂಸ್ಥೆಗಳ ಹೊಸ ಕ್ಯಾಂಪಸ್ಸಿಗೆ ಬಂದ ಮೇಡಮ್ಮುಗಳು ಕೂಡ ಆಟೋ ಮಾಡಿಕೊಂಡು ಬಂದು ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಾರೆ. ನನ್ನ ಇಬ್ಬರು ಹೆಣ್ಣುಮಕ್ಕಳೋ, ತೊಟ್ಟಿಲಲ್ಲಿದ್ದಾಗಿನಿಂದ ಇವತ್ತಿನವರೆಗೆ ನಾನು ಹೊಲಿಯದ ಬಟ್ಟೆಯನ್ನು ಮೈಮೇಲೆ ಹಾಕಿದವರಲ್ಲ.

"ಆಯ್ತು, ತಗಾ," ಎಂದೆ. ನಗುತ್ತಲೇ ಎಂದೆ. ಆಮೇಲೆ ಕೂತು ಯಾರದೋ ಮದುವೆ ಬ್ಲೌಸಿಗೆ ಹುಕ್ಕು ಹಾಕಿದೆ. ಎಲ್ಲವನ್ನೂ ತಿರುಗಾಮುರುಗಾ ಹಾಕಿದ್ದೆ, ಬಿಚ್ಚಿ ಮತ್ತೆ ಹಾಕಬೇಕಾಯಿತು. ಬೇಜಾರಂತೂ ಆಗಿರಲಿಲ್ಲ.

ಮೊದಲು ನಾನು ಅಂದುಕೊಂಡಿದ್ದು ನಮ್ಮೂರಿನ ಯಾವುದಾದರೂ ಅಂಗಡಿಗೆ ಹೋಗಿ ಬಂದರಾಯಿತು ಎಂದು. ಅದಕ್ಕೆ ಇಬ್ಬರೂ ಮುಖ ಹುಳ್ಳಗೆ ಮಾಡಿದರು. ಸಿಟಿಯೇ ಆಗಬೇಕಂತೆ. ಒಂಬತ್ತನೇ ಕ್ಲಾಸಿನ ಚಿಕ್ಕವಳಿಗೆ ಎಸ್ಕಲೇಟರ್ ಹತ್ತಬೇಕು, ಪಿಜ್ಜಾ ತಿನ್ನಬೇಕು, ರೈಲಿನ ಬಾಗಿಲಲ್ಲಿ ನಿಂತು ರೀಲ್ಸ್ ಮಾಡಬೇಕು. ಹಾಗಾಗಿ ಬಸ್ಸು ಆಗುವುದಿಲ್ಲ, ರೈಲೇ ಆಗಬೇಕು. ಬಾಗಿಲಲ್ಲಿ ನಿಂತರೆ ಕಾಲು ಮುರಿಯುತ್ತೇನೆ ಎಂದೆ. "ಬಿದ್ರೆ ಅದೇ ಮುರೀತೈತೆ ಬಿಡವ್ವ, ನಿಂಗ್ಯಾಕೆ ಶ್ರಮ," ಎಂದಳು ಕತ್ತೆ.

ಸಿಟಿ ಆರಿಸುವುದೇನು ಸಣ್ಣ ಕೆಲಸವೇ? ಬೆಂಗಳೂರಿಗೆ ಹೋಗಿ ಅದೇ ದಿನ ಬರಲಾಗದು. ಚಿತ್ರದುರ್ಗದಲ್ಲಿ ನನ್ನ ನಾದಿನಿ ಇದ್ದಾಳೆ. ದಾವಣಗೆರೆಯಲ್ಲಿ ನನ್ನ ಗಂಡನ ಚಿಕ್ಕಪ್ಪನ ಮನೆ. ನಮ್ಮಂಥವರು ಊರು ನೋಡಲಿಕ್ಕೆ ಹೋಗುವುದೆಂದರೆ ನೆಂಟರ ಮನೆಯ ಸೋಫಾದ ಮೇಲೆ ಕೂತು ಉಪ್ಪಿಟ್ಟು ತಿಂದು ಬರುವುದು. ನೆಂಟರೇ ಇಲ್ಲದ ಸಿಟಿ ಯಾವುದು ಎಂದು ಮೂವರೂ ತಲೆ ಕೆಡಿಸಿಕೊಂಡೆವು. ಕೊನೆಗೆ ಬಳ್ಳಾರಿ ಸಿಕ್ಕಿತು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರಬಹುದು. ಮಕ್ಕಳು ಕುಣಿದಾಡಿದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ರೈಲು ಮೊಳಕಾಲ್ಮೂರು ಮೇಲೆ ಹೋಗುತ್ತೆ," ಎಂದರು. ಕುಣಿಯುತ್ತಿದ್ದವರು ಹಾಗೇ ಕೆಳಗೆ ಕೂತರು.

ಮೊಳಕಾಲ್ಮೂರು ನನ್ನ ತವರು. ನಮ್ಮಪ್ಪ ಇರುವ ತನಕ ರೇಷ್ಮೆ ಸೀರೆ ನೇಯುತ್ತಿದ್ದ, ಈಗ ಅಣ್ಣ ಮಗ್ಗ ನೋಡಿಕೊಳ್ಳುತ್ತಾನೆ, ಅವ್ವ ಅಣ್ಣನನ್ನು ನೋಡಿಕೊಳ್ಳುತ್ತಾಳೆ. ತವರೂರಿನ ಮೇಲೆ ಹಾದು ಹೋಗುವ ಹೆಣ್ಣುಮಗಳು ಇಳಿದು, ಮನೆಗೆ ಹೋಗಿ, ಉಂಡು, ಅರಿಶಿನ ಕುಂಕುಮ ತೆಗೆದುಕೊಂಡು ಮುಂದೆ ಹೋಗಬೇಕು. ಇಳಿಯದೆ ಹೋದರೆ ತವರಿನವರ ಮುಖಕ್ಕೆ ಹೊಡೆದ ಹಾಗೆ. ಇಳಿದರೋ, ಅವ್ವನ ಕೈಯಿಂದ ಬಿಡಿಸಿಕೊಂಡು ಹೊರಡಲು ಎರಡು ದಿನ ಬೇಕು. ಕಾಲೇಜು ಸೋಮವಾರ ಶುರು. ಇದ್ದದ್ದು ಒಂದೇ ಭಾನುವಾರ.

"ಅಜ್ಜಿಗೆ ಹೇಳದೇ ಬ್ಯಾಡ," ಎಂದಳು ದೊಡ್ಡವಳು. ಹೇಳುತ್ತಾ ನನ್ನ ಕೈ ಹಿಡಿದುಕೊಂಡಳು. "ಪ್ಲೀಸ್ ಅವ್ವ. ಇದೊಂದ್ಸಲ."

ಒಪ್ಪಿದೆ. ಮೊಳಕಾಲ್ಮೂರು ಬಂದಾಗ ಕಿಟಕಿಯ ಶಟರ್ ಇಳಿಸುವುದು, ತಲೆಯ ಮೇಲೆ ದುಪಟ್ಟಾ, ಉಸಿರೆತ್ತಕೂಡದು ಎಂದು ತೀರ್ಮಾನವಾಯಿತು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ನಾನು ಹಿಂದಿನ ದಿನ ಅವ್ವನಿಗೆ ಫೋನ್ ಮಾಡದೇ ಇದ್ದಿದ್ದರೆ. ಎಲ್ಲಾದರೂ ಸಂತೆ, ಮದುವೆ ಎಂದು ಅವಳು ಸ್ಟೇಷನ್ನಿನ ಕಡೆ ಬಂದುಬಿಟ್ಟರೆ? ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ?

"ನಾಳೆ ಎಲ್ಲಿರ್ತೀಯವ್ವ?"

"ಎಲ್ಲಿರ್ಲಿ, ಮನೇಲೇ."

"ಸ್ಟೇಷನ್ ಕಡೆ ಏನೂ ಕೆಲ್ಸ ಇಲ್ಲ ತಾನೇ?"

"ಸ್ಟೇಷನ್ ಕಡೆ ನಂಗೇನೇ ಕೆಲ್ಸ?"

"ಏನಿಲ್ಲ, ಹಂಗೇ ಕೇಳ್ದೆ."

ಫೋನ್ ಇಟ್ಟೆ. ನನ್ನ ಜಾಣತನ ನೋಡಿ ಮಕ್ಕಳಿಬ್ಬರೂ ಹಣೆ ಚಚ್ಚಿಕೊಂಡರು. ಯಾಕೆಂದು ನನಗೆ ಅರ್ಥವಾಗಲಿಲ್ಲ.

ಅರ್ಥವಾಗಿದ್ದು ಮರುದಿನ, ರೈಲು ಮೊಳಕಾಲ್ಮೂರು ಸ್ಟೇಷನ್ನಿನಲ್ಲಿ ನಿಂತಾಗ. ಶಟರ್ ಇಳಿಸಿಕೊಂಡು ಮೂವರೂ ಕಳ್ಳರ ಹಾಗೆ ಕೂತಿದ್ದೆವು. ಹೊರಗೆ ಯಾರೋ ಕಿಟಕಿಗಳನ್ನು ಒಂದೊಂದಾಗಿ ಬಡಿಯುತ್ತಾ ಬರುವ ಸದ್ದು ಕೇಳಿತು.

"ಲೇ ಹುಡ್ಗೀರಾ! ಯಾವ ಡಬ್ಬೀಲಿದ್ದೀರೇ?"

ಅವ್ವ! ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಎಕ್ಕಡ ಉನ್ನಾರೇ?" ಎಂದು ನಮ್ಮ ಕಿಟಕಿಗೇ ಬಡಿದಳು. ನಾನು ಬಾಯಿಯ ಮೇಲೆ ಬೆರಳಿಟ್ಟು ಮಕ್ಕಳನ್ನು ನೋಡಿದೆ. ಹೌದು, ಹೆತ್ತ ತಾಯಿ ಹೊರಗೆ ಬಡಿಯುತ್ತಿದ್ದರೆ ನಾನು ಒಳಗೆ ಬಾಯಿ ಮುಚ್ಚಿಸುತ್ತಿದ್ದೆ. ದೊಡ್ಡವಳ ಕಣ್ಣಲ್ಲಿ ನೀರಾಡುತ್ತಿತ್ತು. ಇಳಿದರೆ ಡ್ರೆಸ್ ಇಲ್ಲ, ಅದು ಅವಳಿಗೂ ಗೊತ್ತು. ಇಂಜಿನ್ ಕೂಗಿತು. ಅವಳು ತಟ್ಟನೆ ಎದ್ದು ಶಟರ್ ಎತ್ತಿ, "ಅಜ್ಜೀ, ಇಲ್ಲಿ!" ಎಂದು ಕೂಗಿಬಿಟ್ಟಳು.

ಇಳಿಸಿಕೊಳ್ಳುತ್ತಾಳೆ ಎಂದು ನಾನು ಬ್ಯಾಗು ಹುಡುಕುತ್ತಿದ್ದರೆ, ಅವ್ವನೇ ಹತ್ತಿಬಿಟ್ಟಳು. ಕೈಯಲ್ಲಿ ಹೋಳಿಗೆಯ ಡಬ್ಬಿ. ರೈಲು ಹೊರಟಿತು.

"ಕಿಟಕಿ ಯಾಕೆ ಮುಚ್ಕಂಡಿದ್ರಿ?" ಎಂದಳು.

"ಬಿಸ್ಲು ಬೀಳ್ತಿತ್ತವ್ವ," ಎಂದೆ. ಹೊರಗೆ ಮೋಡ ಕವಿದಿತ್ತು. ಮಾತು ತಿರುಗಿಸಲು, "ಅವ್ವಾ, ಟಿಕೆಟ್ಟೇ ಇಲ್ಲವಲ್ಲ ನಿಂಗೆ?" ಎಂದೆ. ಎಲೆಯಡಿಕೆ ಚೀಲದಿಂದ ಟಿಕೆಟ್ ತೆಗೆದು ತೋರಿಸಿದಳು. ಬಳ್ಳಾರಿಗೆ!

"ಬಳ್ಳಾರಿಗೆ ಅಂತ ಯಾರು ಹೇಳಿದ್ರು?"

"ನನ್ನ ನೋಡಕ್ಕೆ ಬರೋಳು ಸ್ಟೇಷನ್ನಿಗೆ ಬರ್ಬ್ಯಾಡ ಅಂತ ಫೋನ್ ಮಾಡ್ತಾಳಾ? ಈ ರೈಲು ಹತ್ತಿ ಬಳ್ಳಾರಿಗಲ್ದೆ ಇನ್ನೆಲ್ಲಿಗೆ ಹೋಗ್ತೀಯ? ಜರುಗು ಅತ್ಲಾಗೆ."

ಬಳ್ಳಾರಿಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಎಸ್ಕಲೇಟರ್ ಮೇಲೆ ಅವ್ವನನ್ನು ಹತ್ತಿಸುವಷ್ಟರಲ್ಲಿ ಚಿಕ್ಕವಳ ರೀಲ್ಸಿಗೆ ಬೇಕಾದಷ್ಟು ಸಾಮಗ್ರಿ ಸಿಕ್ಕಿತು. ದೊಡ್ಡವಳು ಮಾತ್ರ ಅದ್ಯಾವುದನ್ನೂ ನೋಡದೆ ಬಟ್ಟೆಯ ಸಾಲುಗಳ ನಡುವೆ ಓಡಾಡುತ್ತಿದ್ದಳು. ಕೊನೆಗೆ ತಿಳಿ ನೀಲಿಯ ಒಂದು ಕುರ್ತಾ ಹಿಡಿದು ಟ್ರಯಲ್ ರೂಮಿಗೆ ಹೋದಳು. ಹೊರಗೆ ಬಂದಾಗ ನಾನು ಕೂತಲ್ಲಿಂದ ಎದ್ದು ನಿಂತೆ. ಅಷ್ಟು ಚೆನ್ನಾಗಿ ಕಾಣುತ್ತಿದ್ದಳು. ಆ ಚೆಲುವಿನಲ್ಲಿ ನನ್ನದು ಒಂದು ಹೊಲಿಗೆಯೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ನೋಡುತ್ತಾ ನೋಡುತ್ತಾ ಸೊಂಟದ ಹತ್ತಿರ ಸಡಿಲ ಇರುವುದು ಕಂಡಿತು. ಎಷ್ಟು ಖುಷಿಯಾಯಿತೋ ನನಗೆ!

"ಇಲ್ಲಿ ಸಡಿಲ ಐತೆ. ಮನೆಗೆ ಹೋದ ತಕ್ಷಣ ಹಿಡಿದ್ಬಿಡ್ತೀನಿ," ಎಂದೆ.

"ಬ್ಯಾಡವ್ವ. ಹಿಂಗೇ ಇರ್ಲಿ."

"ಒಂದು ಹೊಲಿಗೆ ಅಷ್ಟೇ ಕಣೇ."

"ನೀನು ಒಂದ್ ಹೊಲಿಗೆ ಹಾಕಿದ್ರೂ ಅದು ನಿಂದೇ ಆಗುತ್ತವ್ವ," ಎಂದಳು. ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು. "ಸ್ಕೂಲಿಂದ ಹಿಡಿದು ಕಾಲೇಜಿನ ತಂಕ, ಎಲ್ಲಿ ಹೋದ್ರೂ ನನ್ನ ಹೆಸ್ರು ಕೇಳಕ್ಕಿಂತ ಮೊದ್ಲು ನನ್ನ ತೋಳು ಮುಟ್ಟಿ ನೋಡ್ತಾರೆ. ನಿಮ್ಮವ್ವನ ಕೈದಾ ಅಂತಾರೆ. ಒಂದಿನ, ಒಂದೇ ದಿನ, ನಾನ್ಯಾರ ಮಗಳು ಅಂತ ಯಾರಿಗೂ ಗೊತ್ತಾಗ್ಬಾರ್ದು."

ನನಗೆ ಎಲ್ಲಿತ್ತೋ ಸಿಟ್ಟು. "ನಾಚಿಕೆ ಆಗುತ್ತಾ ನಿಂಗೆ? ಇದೇ ಕೈಲಿ ಕಣೇ ನಿನ್ನ..." ಎಂದು ಶುರು ಮಾಡಿದೆ. ಅಂಗಡಿಯ ಹುಡುಗಿಯರು ತಿರುಗಿ ನೋಡಿದರು. ಮಗಳು ಕನ್ನಡಿಯ ಕಡೆ ತಿರುಗಿಕೊಂಡು ಕಣ್ಣು ಒರೆಸಿಕೊಂಡಳು.

ಅವ್ವ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. "ಬಾಯ್ಮುಚ್ಚೇ. ಕಿಟಕಿ ಎತ್ತಿದ್ದು ಅವ್ಳು, ನೀನಲ್ಲ," ಎಂದಳು. ನಾನು ಹೋಗಿ ಬಿಲ್ ಕೊಟ್ಟು ಬಂದೆ.

ಮಗಳು ಹೊಸದನ್ನು ಬಿಚ್ಚಲೇ ಇಲ್ಲ, ಹಾಕಿಕೊಂಡೇ ಹೊರಟಳು. ಅವಳು ಬಿಚ್ಚಿಟ್ಟ ಚೂಡಿದಾರವನ್ನು ಅಂಗಡಿಯವರು ತಮ್ಮದೇ ಕವರಿನಲ್ಲಿ ಮಡಿಸಿ ಹಾಕಿ ನನ್ನ ಕೈಗೆ ಕೊಟ್ಟರು. ಸ್ಟೇಷನ್ನಿಗೆ ನಡೆದು ಹೋಗುವಾಗ ಅವಳು ನಮ್ಮೆಲ್ಲರಿಗಿಂತ ಮುಂದಿದ್ದಳು. ಸೊಂಟದ ಹತ್ತಿರ ಬಟ್ಟೆ ಗಾಳಿಗೆ ಆಡುತ್ತಿತ್ತು. ಎದುರಿಗೆ ಬಂದ ಹೆಂಗಸರು ಅವಳ ಮುಖ ನೋಡಿ ಮುಂದೆ ಹೋಗುತ್ತಿದ್ದರು, ಒಬ್ಬರೂ ತೋಳು ಮುಟ್ಟಲಿಲ್ಲ. ಕೈ ಬೀಸಿಕೊಂಡು, ತಲೆ ಎತ್ತಿಕೊಂಡು ನಡೆಯುತ್ತಿದ್ದಳು. ಹಾಗೆ ನಡೆದಿದ್ದನ್ನು ನಾನು ಚಳ್ಳಕೆರೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ರಸ್ತೆಯಲ್ಲಿ ಗಾಡಿಗಳು ಜಾಸ್ತಿ, ನಿಧಾನ ಕಣೇ ಎಂದು ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಸ್ಟೇಷನ್ ಬರುವ ತನಕವಾದರೂ ಅವಳು ಯಾರ ಮಗಳೂ ಅಲ್ಲದೆ ನಡೆಯಲಿ ಎಂದು ಬಿಟ್ಟೆ.