ಬಿಸ್ಕತ್ತಿನ ಊರಿಗೆ ಅತ್ತೆಯ ಇನ್‌ಸ್ಪೆಕ್ಷನ್

ಬಿಸ್ಕತ್ತಿಗೆ ಮೀನಿನ ವಾಸನೆ ಇರುವುದಿಲ್ಲ. ಇದು ನಿಮಗೆ ಗೊತ್ತು, ನನಗೆ ಗೊತ್ತು, ಅಂಗಡಿಯವನಿಗೂ ಗೊತ್ತು. ನಮ್ಮ ಮನೆಯವರಿಗೆ ಮಾತ್ರ ಈ ವಿಷಯ ಹೋದ ತಿಂಗಳು ಐಸ್‌ಲ್ಯಾಂಡಿನ ಒಂದು ಮೂಲೆಯಲ್ಲಿ, ಕಾರಿನ ಬಾಗಿಲು ತೆಗೆದ ಮೇಲೆ ಜ್ಞಾಪಕಕ್ಕೆ ಬಂತು.

ಹಿಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆ (ವಯಸ್ಸು ಎಪ್ಪತ್ತೆರಡು, ತಲೆಗೆ ಮಂಕಿ ಕ್ಯಾಪು) ಮೂಗು ಮೇಲೆತ್ತಿ ಒಂದೇ ಪ್ರಶ್ನೆ ಕೇಳಿದರು.

"ಏನ್ಡಾ ರಾಘು, ಈ ಊರಲ್ಲಿ ಬಿಸ್ಕತ್ತು ಹೀಗೇ ವಾಸನೆ ಹೊಡೆಯತ್ತಾ?"

ನಮ್ಮ ಮನೆಯವರು ಗಂಟಲು ಸರಿ ಮಾಡಿಕೊಂಡರು. ನಾನು ಬೆಟ್ಟ ನೋಡತೊಡಗಿದೆ. (ಸಿಕ್ಕಿಬಿದ್ದಾಗ ಪ್ರಕೃತಿ ಸೌಂದರ್ಯದಷ್ಟು ಉಪಕಾರಿ ಇನ್ನೊಂದಿಲ್ಲ.)

ಮದ್ರಾಸಿನ ಪೆರಂಬೂರಿನ ಮನೆಯಲ್ಲಿ ಕೂತು ವಾರವಾರ ನಿಮಗೆ ಉಪದೇಶ ಬರೆಯುವ ನಾನು ಐಸ್‌ಲ್ಯಾಂಡಿಗೆ ಯಾಕೆ ಹೋದೆ? ಹೇಳುತ್ತೇನೆ. ಸ್ವಲ್ಪ ನಾಚಿಕೆಯ ಕಥೆ.

ನಮ್ಮ ಮನೆಯವರದು ಅಲ್ಲೇ ಗಿಂಡಿ ಬಡಾವಣೆಯಲ್ಲಿ ಒಂದು ಚಿಕ್ಕ ವರ್ಕ್‌ಶಾಪು. ಎಂಟು ಜನ ಕೆಲಸಗಾರರು, ಒಂದು ತಗಡಿನ ಶೆಡ್ಡು, ಒಂಬತ್ತನೆಯವರಾಗಿ ಇವರು. ಸ್ಟೀಲಿನ ಕನ್ವೇಯರ್ ಮಾಡುತ್ತಾರೆ. ಅಂದರೆ, ಈ ತುದಿಯಲ್ಲಿ ಇಟ್ಟದ್ದನ್ನು ಆ ತುದಿಗೆ ತಾನಾಗಿ ಒಯ್ಯುವ ಓಡುವ ಬೆಲ್ಟು. ಮೂರು ವರ್ಷದ ಹಿಂದೆ ಕೆಲಸವೇ ಇಲ್ಲದೆ ಶೆಡ್ಡಿಗೆ ಬೀಗ ಹಾಕುವ ಸ್ಥಿತಿ ಬಂದಿತ್ತು. ಆಗ ದೇವರು ಕಣ್ಣುಬಿಟ್ಟ. ಐಸ್‌ಲ್ಯಾಂಡಿನಿಂದ ಆರ್ಡರು!

ಯಾವ ಫ್ಯಾಕ್ಟರಿಗೆ? ಮೀನಿನ ಫ್ಯಾಕ್ಟರಿಗೆ.

ನಮ್ಮದು ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ವೈಷ್ಣವರ ಮನೆ. ಏಕಾದಶಿಗೆ ಅತ್ತೆ ತೊಟ್ಟು ನೀರೂ ಕುಡಿಯುವುದಿಲ್ಲ. ಈರುಳ್ಳಿ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ಈವರೆಗೆ ನೋಡಿಲ್ಲ. ಅಂಥ ತಾಯಿಗೆ ಹೋಗಿ, ಅಮ್ಮಾ, ಇನ್ನು ನಮ್ಮ ಅನ್ನ ಮೀನಿನಿಂದ ಬರುತ್ತೆ ಅನ್ನುವುದು ಹೇಗೆ?

"ಏನಕ್ಕೋ ಈ ಮೆಷಿನ್ನು?" ಅಂತ ಅವರು ಕೇಳಿದಾಗ ಇವರ ಕೈಯಲ್ಲಿ ಕಾಫಿ ಲೋಟ ಇತ್ತು, ಪಕ್ಕದಲ್ಲಿ ನನ್ನ ತಟ್ಟೆ. ತಟ್ಟೆ ನೋಡಿ ಇವರು ಹೇಳಿದರು, "ಬಿಸ್ಕತ್ತು ಪ್ಯಾಕ್ ಮಾಡಕ್ಕಮ್ಮ."

ನಾನು ಬಾಯಿಬಿಡಲಿಲ್ಲ. ಬಾಯಲ್ಲಿ ಬಿಸ್ಕತ್ತು ಇತ್ತು.

ಅತ್ತೆಗೆ ಬಹಳ ಸಂತೋಷವಾಯಿತು. ಮಕ್ಕಳು ತಿನ್ನೋ ಪದಾರ್ಥ, ಪುಣ್ಯದ ಕೆಲಸ ಅಂದರು. ಮೆಷಿನ್ನು ಹಡಗು ಹತ್ತುವ ಮುಂಚೆ ಗಿಂಡಿಗೆ ಬಂದು, ಮೋಟಾರಿನ ಮುಚ್ಚಳದ ಮೇಲೆ ಅರಿಶಿನದ ಬೊಟ್ಟು, ಅದರ ನಡುವೆ ಕುಂಕುಮ ಇಟ್ಟು ಕೈಮುಗಿದರು. ಎರಡನೇ ಮೆಷಿನ್ನಿಗೂ ಹಾಗೇ. ಹುಡುಗರು ಅದರ ಮೇಲೆ ವಾರ್ನಿಷ್ ಬೇರೆ ಬಳಿದರು, ಅಳಿಸಿಹೋಗದಿರಲಿ ಅಂತ. ಮೂರನೆಯದು ಹೊರಡುವ ವಾರ ಅತ್ತೆಗೆ ಜ್ವರ. ಅದು ಬೋಳು ಹಣೆಯಲ್ಲೇ ಹಡಗು ಹತ್ತಿತು.

ಎರಡು ತಿಂಗಳಿಗೆ ಫ್ಯಾಕ್ಟರಿಯ ಯಜಮಾನಿ ಗುಡ್ರುನ್ ಅನ್ನುವವರಿಂದ ಇ-ಮೇಲ್ ಬಂತು. ನಮ್ಮ ಬೀದಿ ತುದಿಯ ಬ್ರೌಸಿಂಗ್ ಸೆಂಟರಿನಲ್ಲಿ ಇಬ್ಬರೂ ನಿಂತುಕೊಂಡೇ ಓದಿದೆವು. ಮೂರನೇ ಮೆಷಿನ್ನು ಅಲುಗಾಡುತ್ತಿದೆ. ಮೊದಲ ಎರಡರ ಮೇಲೆ ಇನ್‌ಸ್ಪೆಕ್ಟರರ ಕೆಂಪು-ಹಳದಿ ಮುದ್ರೆ ಇದೆ, ಇದರ ಮೇಲೆ ಇಲ್ಲ. ಇದನ್ನು ಚೆಕ್ ಮಾಡದೆ ಕಳಿಸಿದಿರಾ? ನಮ್ಮ ಹೆಂಗಸರು ಆ ಮೆಷಿನ್ನಿನ ಹತ್ತಿರ ನಿಲ್ಲಲು ಒಪ್ಪುತ್ತಿಲ್ಲ.

ನಾನಂತೂ ಅಲ್ಲೇ ಬಿದ್ದು ಬಿದ್ದು ನಕ್ಕೆ. ಇವರು ನಗಲಿಲ್ಲ. ಮುಂದಿನ ಆರ್ಡರು ಆ ಮೂರನೆಯದರ ಮೇಲೆ ನಿಂತಿತ್ತು. ಅದು ಹೋದರೆ ಶೆಡ್ಡಿಗೆ ಮತ್ತೆ ಬೀಗ, ಎಂಟು ಮನೆಯ ಒಲೆಗೂ ನೀರು.

ಇವರು ಯೋಚಿಸಿ ಉತ್ತರ ಬರೆದರು. ಮುದ್ರೆ ಹಾಕುವವರು ನಮ್ಮಲ್ಲಿ ಅತ್ಯಂತ ಹಿರಿಯರು, ಆ ವಾರ ಅವರಿಗೆ ಜ್ವರ ಇತ್ತು ಅಂತ. ನೋಡಿ, ಒಂದಕ್ಷರ ಸುಳ್ಳಿಲ್ಲ! ಮರುದಿನವೇ ಉತ್ತರ: ನೀವು ಬಂದು ರಿಪೇರಿ ಮಾಡಿ. ಬರುವಾಗ ಆ ಹಿರಿಯರನ್ನೂ ಕರೆದುಕೊಂಡು ಬನ್ನಿ.

ಬೆಳ್ಳಗಾದದ್ದು ಬ್ರೌಸಿಂಗ್ ಸೆಂಟರಿನ ಗೋಡೆಯೋ ಇವರ ಮುಖವೋ, ನನಗೆ ತಿಳಿಯಲಿಲ್ಲ.

ಅಮ್ಮನಿಗೆ ವಯಸ್ಸಾಗಿದೆ, ಬರಲಾರರು ಅಂತ ಬರೆದುಬಿಡೋಣ ಅಂದರು ಇವರು. ಅಷ್ಟರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಆ ಊರಿನ ಹಿಂದೆ ದೊಡ್ಡ ಹಿಮನದಿ ಇದೆಯಂತೆ, ಕಾರು ಹಿಮದ ಬುಡದವರೆಗೂ ಹೋಗುತ್ತಂತೆ ಅಂತ ಊಟದ ಹೊತ್ತಲ್ಲಿ ಬಾಯಿಜಾರಿ ಹೇಳಿಬಿಟ್ಟಿದ್ದೆ. ಮಂಡಿ ನೋವಿನಿಂದ ಬದರಿ ಕೇದಾರ ತಪ್ಪಿಹೋದವರು ಅತ್ತೆ. "ಕಾರು ಹೋಗತ್ತಾ? ಹಾಗಾದ್ರೆ ನಾನು ಬರ್ತೀನಿ," ಅಂದರು. ಸಮುದ್ರ ದಾಟಬಾರದಲ್ಲ ಅಂತ ಇವರು ಕೊನೇ ಬಾಣ ಬಿಟ್ಟರು. "ಫ್ಲೈಟಲ್ಲಿ ಹೋದ್ರೆ ಸಮುದ್ರ ಎಲ್ಲಿ ಮುಟ್ಟಿದ ಹಾಗಾಯ್ತು?" ಮುಗಿಯಿತು. ಮಾವ ಮಾತ್ರ, ಅಷ್ಟು ಚಳಿಗೆ ಹೋಗೋಕೆ ನನಗೆ ತಲೆ ಕೆಟ್ಟಿಲ್ಲ ಅಂತ ನಾದಿನಿ ಮನೆಗೆ ಹೋದರು. ಅತ್ತೆಯ ಮಂಡಿಗೂ ಇಂಗ್ಲಿಷಿಗೂ ಆಸರೆ ಬೇಕಲ್ಲ ಅಂತ ನಾನೂ ಹೊರಟೆ.

ಹೀಗೆ ಒಬ್ಬ ಮಗ, ಒಂದು ಸ್ಪ್ಯಾನರ್ ಸೆಟ್ಟು, ಎರಡು ಕಿಲೋ ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜಿನ ಬಾಟಲಿ, ಪುಟ್ಟ ರೈಸ್ ಕುಕ್ಕರ್, ಅತ್ತೆಯ ಸೊಂಟದ ಚೀಲದಲ್ಲಿ ಅರಿಶಿನ-ಕುಂಕುಮದ ಭರಣಿ, ಒಂದು ತಾಮ್ರದ ಚೊಂಬು ಮತ್ತು ಮೂರು ವರ್ಷದ ಸುಳ್ಳು, ಎಲ್ಲವೂ ವಿಮಾನ ಹತ್ತಿದವು.

ಊರು ಹೇಗಿತ್ತು? ಅದರ ಹೆಸರು ಬರೆದರೆ ಕಂಪೋಸ್ ಮಾಡುವವರು ನನ್ನನ್ನು ಶಪಿಸುತ್ತಾರೆ, ಬಿಡಿ. ನಮ್ಮ ಪೆರಂಬೂರಿನ ಎರಡು ಬೀದಿಯಷ್ಟು ಊರು. ಬಣ್ಣಬಣ್ಣದ ತಗಡಿನ ಮನೆಗಳು. ಮುಂದೆ ದೋಣಿಗಳು, ಕಪ್ಪು ಮರಳು, ನೆಟ್ಟಗೆ ಕಡಿದ ಹಾಗೆ ಸಮುದ್ರಕ್ಕಿಳಿದ ಕರೀ ಬಂಡೆ. ಹಿಂದೆ ತಿರುಗಿದರೆ ಬೆಟ್ಟದ ಸಂದುಗಳಿಂದ ಹಿಮ ಜಾರಿ ಇಳಿದು, ಊರನ್ನು ನೋಡಲು ಬಂದು ನಿಂತುಬಿಟ್ಟಿದೆ. ಮೂವತ್ತಾರು ಫೋಟೋದ ರೋಲನ್ನು ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿದೆ.

ಆಮೇಲೇ ಆ ವಾಸನೆ, ಆ ಪ್ರಶ್ನೆ.

"ಸಮುದ್ರದ ಊರಲ್ವಾ ಅಮ್ಮ, ಇದ್ದೇ ಇರತ್ತೆ," ಅಂದರು ಇವರು. ಮರೀನಾ ಬೀಚಿನ ಗಾಳಿ ಕುಡಿದು ಬೆಳೆದ ಅತ್ತೆ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಗುಡ್ರುನ್ ಓಡಿಬಂದರು. ಆರಡಿ ಎತ್ತರ, ಕೆಂಪು ಕೆನ್ನೆ, ವಯಸ್ಸು ಅರವತ್ತು. ಅತ್ತೆಯನ್ನು ಕಂಡು ಮಂತ್ರಿಗಳನ್ನು ಕಂಡಷ್ಟು ಸಂಭ್ರಮ. ಒಳಗೆ ಕರೆದೊಯ್ದು ಒಂಬತ್ತು ಗಜದ ಸೀರೆಯ ಮೇಲೆ ಬಿಳೀ ಕೋಟು ತೊಡಿಸಿದರು, ಕಾಲಿಗೆ ರಬ್ಬರ್ ಬೂಟು, ಮಂಕಿ ಕ್ಯಾಪಿನ ಮೇಲೊಂದು ಪ್ಲಾಸ್ಟಿಕ್ ಟೋಪಿ. ಸಾಕ್ಷಾತ್ ಇನ್‌ಸ್ಪೆಕ್ಟರ್!

ಬಾಗಿಲು ತೆರೆಯಿತು. ಗಿಂಡಿಯ ಬೆಲ್ಟು ನಯವಾಗಿ ಓಡುತ್ತಿತ್ತು. ಅದರ ಮೇಲೆ ಮೊಳದುದ್ದದ ಮೀನುಗಳು, ಒಂದರ ಹಿಂದೊಂದು, ಶಿಸ್ತಾಗಿ.

"ರಾಘು, ಏನಿದು?"

"ಮೀನು ಅಮ್ಮ."

"ಅದು ಕಾಣತ್ತೆ. ಬಿಸ್ಕತ್ತೆಲ್ಲಿ?"

ಇವರು ಬೂಟು ನೋಡಿಕೊಂಡರು. ಐವತ್ತು ತುಂಬಿದ ಗಂಡಸು, ಎಂಟು ಜನರ ಧಣಿ, ಸ್ಲೇಟು ಒಡೆದು ಬಂದವನ ಹಾಗೆ ನಿಂತಿದ್ದರು. ಅತ್ತೆ ನನ್ನ ಕಡೆ ತಿರುಗಿದರು. "ನೀನೂ ಸೇರ್ಕೊಂಡ್ಯಾ ಈ ಪೊಯ್ಯಲ್ಲಿ?" ಅವರಿಗೆ ಕೋಪ ಬಂದರೆ ಸುಳ್ಳು ತಮಿಳಿನ ಪೊಯ್ ಆಗುತ್ತದೆ. ಆಮೇಲೆ ದನಿ ಇಳಿಯಿತು. "ಮೂರು ವರ್ಷ ಕಣೋ. ಈ ದುಡ್ಡಲ್ಲೇನೋ ನಾನು ದಿನಾ ದೇವರಿಗೆ ಮಲ್ಲಿಗೆ ತರಿಸಿದ್ದು?"

ಅಷ್ಟು ಹೇಳಿ ಹೊರಗೆ ಹೋಗಿಬಿಟ್ಟರು. ಕಣ್ಣಲ್ಲಿ ನೀರಿತ್ತು. ಮೂರು ವರ್ಷ ಇದನ್ನು ಜೋಕು ಅಂದುಕೊಂಡಿದ್ದ ನನಗೆ ಆಗ ನಿಜವಾಗಿ ನಾಚಿಕೆಯಾಯಿತು. ಮೀನಿಗಿಂತ ಹೆಚ್ಚಾಗಿ ಅವರಿಗೆ ನೋವಾದದ್ದು, ತಮ್ಮ ಪೂಜೆಯನ್ನು ನಾವು ಮಕ್ಕಳಾಟ ಮಾಡಿದೆವಲ್ಲ ಅಂತ.

ಇತ್ತ ಇವರು ಸ್ಪ್ಯಾನರ್ ಹಿಡಿದು ಮೂರನೇ ಮೆಷಿನ್ನಿನ ಕೆಳಗೆ ತೂರಿದರು. ನೆಲ ಒಂದು ಕಡೆ ತಗ್ಗು, ಒಂದು ಕಾಲು ನೆಲಕ್ಕೆ ಊರಿರಲಿಲ್ಲ, ಅಷ್ಟೆ. ಹತ್ತು ನಿಮಿಷದ ಕೆಲಸ. ಅಲುಗಾಟ ನಿಂತಿತು. ಆದರೆ ಅಲ್ಲಿಯ ಹೆಂಗಸರು? ಕೈಕಟ್ಟಿಕೊಂಡು ದೂರದಲ್ಲೇ ನಿಂತಿದ್ದರು. ಮುದ್ರೆ ಎಲ್ಲಿ ಅಂತ ಒಬ್ಬಾಕೆ ಹಣೆ ಮುಟ್ಟಿ ತೋರಿಸಿದಳು. ವಿಜ್ಞಾನ ಬಹಳ ಮುಂದುವರಿದ ದೇಶ ಅಂತ ಕೇಳಿದ್ದೆ!

ಹೊರಗೆ ಬೆಂಚಿನ ಮೇಲೆ ಅತ್ತೆ ಹಿಮದ ಕಡೆ ಮುಖ ಮಾಡಿ ಕೂತಿದ್ದರು. ಗುಡ್ರುನ್, ಅತ್ತೆ ಮನೆಯಿಂದ ತಂದಿದ್ದ ಲೋಟಕ್ಕೇ ಬಿಸಿನೀರು ತುಂಬಿಸಿ ತಂದುಕೊಟ್ಟು, ಯಾಕೆ ಬೇಜಾರು ಅಂತ ನನ್ನನ್ನು ಕೇಳಿದರು. ಇದು ಬಿಸ್ಕತ್ತು ಫ್ಯಾಕ್ಟರಿ ಅಂತ ನಾವು ಅವರಿಗೆ ಹೇಳಿದ್ದೆವು ಅಂದೆ. ಗುಡ್ರುನ್ ಜೋರಾಗಿ ನಕ್ಕರು. ಅತ್ತೆಯ ಮುಖ ನೋಡಿ ಥಟ್ಟನೆ ನಿಲ್ಲಿಸಿದರು. ಬಲಗೈಯ ಗ್ಲೌಸು ಕಳಚಿ ಕೈ ಮುಂದೆ ಚಾಚಿದರು.

ಎರಡು ಬೆರಳಿಗೆ ತುದಿಯೇ ಇರಲಿಲ್ಲ.

"ಇವಳ ಕೈ ಕತ್ತರಿಸಿದ್ದು ರಾಘು ಮೆಷಿನ್ನಾ?" ಅತ್ತೆ ಹೌಹಾರಿದರು. ನಾನು ಗುಡ್ರುನ್ ಅವರನ್ನೇ ಕೇಳಿ ಹೇಳಿದೆ.

"ಇಲ್ಲ ಅತ್ತೆ. ಆಗ ಗುಡ್ರುನ್ ಕೂಡ ಇಲ್ಲಿ ಕೂಲಿಯಂತೆ. ಹಳೇ ಮೆಷಿನ್ನು. ನಮ್ಮವು ಬಂದ ಮೇಲೆ ಯಾರಿಗೂ ಒಂದು ಗೀರೂ ಆಗಿಲ್ಲವಂತೆ. ಅದಕ್ಕೇ ಆ ಬೊಟ್ಟಿನ ಮೇಲೆ ಅಷ್ಟು ನಂಬಿಕೆಯಂತೆ."

ಅತ್ತೆ ಆ ಕೈಯನ್ನೇ ನೋಡಿದರು. ಮಡಿಯಲ್ಲಿದ್ದಾಗ ಮೊಮ್ಮಗಳನ್ನೂ ಮುಟ್ಟದ ನಮ್ಮ ಅತ್ತೆ, ಮೀನು ಹಿಡಿದೂ ಹಿಡಿದೂ ಒರಟಾದ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತಗೊಂಡರು. "ತುಂಬಾ ನೋವಾಯ್ತೇನಮ್ಮಾ? ಅಯ್ಯೋ ಪಾವಂ," ಅಂದರು. ನಾನು ಇಂಗ್ಲಿಷಿಗೆ ತಿರುಗಿಸಲು ಹೋದೆ. ಗುಡ್ರುನ್ ಬೇಡ ಅಂತ ತಲೆಯಾಡಿಸಿದರು.

ಅತ್ತೆ ಎದ್ದರು. "ಎಲ್ಲಿದೆ ಮೂರನೇದು?"

ಆಮೇಲೆ ನಡೆದದ್ದು ನೋಡಬೇಕಿತ್ತು ನೀವು. "ಮೊದಲು ಅದನ್ನೆಲ್ಲ ತೆಗೀರಿ. ತೊಳೀರಿ. ಮೂಲೆ ಬಿಟ್ಟಿದೀರಿ, ಅಲ್ಲಿ!" ಅತ್ತೆ ಕನ್ನಡದಲ್ಲಿ ಗದರುತ್ತಾರೆ, ಐಸ್‌ಲ್ಯಾಂಡಿನ ಹೆಂಗಸರು ಪೈಪು ಹಿಡಿದು ತೊಳೆಯುತ್ತಾರೆ. ತೆಂಗಿನಕಾಯಿ ಇಲ್ಲ, ನಿಂಬೆಹಣ್ಣು ಸಿಕ್ಕಿತು. (ಅದನ್ನು ಅವರು ಮೀನಿಗೆ ಹಿಂಡಲು ಇಟ್ಟುಕೊಂಡಿದ್ದರು. ನಾನು ಹೇಳಲಿಲ್ಲ. ಇದು ಸುಳ್ಳಲ್ಲ, ಮೌನ.) ಅರಿಶಿನ ಬಿತ್ತು, ಕುಂಕುಮ ಬಿತ್ತು. ಮುದ್ರೆ ಎಲ್ಲಿ ಅಂದವಳೇ ಮೊದಲು ಬಂದು ಮೆಷಿನ್ನಿನ ಮುಂದೆ ನಿಂತಳು. ಗುಡ್ರುನ್ ಅಲ್ಲೇ ಮುಂದಿನ ಆರ್ಡರಿಗೆ ಹೂಂ ಅಂದರು.

"ಬೊಟ್ಟು ಇಟ್ಟಿದ್ದು ಅವರ ಬೆರಳಿಗೋಸ್ಕರ," ಅಂತ ಅತ್ತೆ ಮಗನಿಗೆ ಹೇಳಿದರು. "ನಿನ್ನ ಲೆಕ್ಕ ಬೇರೆ ಇದೆ."

ಆ ಲೆಕ್ಕ ಮರುದಿನ ಹಿಮನದಿಯ ಬುಡದಲ್ಲಿ ತೀರಿತು. ನೀಲಿ ಹಿಮದ ಗಡ್ಡೆಗಳು ತೇಲುವ ಕೊಳ. ಅತ್ತೆ ಚೊಂಬು ತುಂಬಿಸಿ, ಗಂಗೆ ಯಮುನೆ ಎಲ್ಲರನ್ನೂ ಅಷ್ಟು ದೂರ ಕರೆಸಿ, ತಮ್ಮ ತಲೆಗೆ ಎರಡು ಹನಿ ಚಿಮುಕಿಸಿಕೊಂಡರು. ಆಮೇಲೆ ಮಗನನ್ನು ಕರೆದರು.

"ಮೀನಿನ ಕೈ ಮುಟ್ಟಿದ್ದು ನಾನು, ಪೊಯ್ ಹೇಳಿದ್ದು ನೀನು. ಸ್ನಾನ ಯಾರು ಮಾಡಬೇಕು?"

"ಅಮ್ಮಾ, ನ್ಯುಮೋನಿಯಾ ಬರತ್ತೆ!"

"ಟೋಪಿ ತೆಗಿ."

ಪೂರ್ತಿ ಒಂದು ಚೊಂಬು. ಇವರು ಕೂಗಿದ ಕೂಗಿಗೆ ದೂರದಲ್ಲಿ ಒಂದು ಹಿಮದ ಗಡ್ಡೆ ಮಗುಚಿತು. (ಅದು ತಾನಾಗಿಯೇ ಮಗುಚಿತು ಅಂತ ಇವರ ವಾದ.) ನಮ್ಮ ಡ್ರೈವರ್ ಇದೂ ಇನ್‌ಸ್ಪೆಕ್ಷನ್ನಿನ ಭಾಗ ಅಂದುಕೊಂಡು ಭಕ್ತಿಯಿಂದ ಟೋಪಿ ತೆಗೆದು ನಿಂತ. ನಾನು? ನಾನೂ ಸುಳ್ಳಿನ ಪಾಲುದಾರಳೇ. ಫೋಟೋ ತೆಗೆಯುವ ನೆಪದಲ್ಲಿ ಕಾರಿನೊಳಗೆ ಸೇರಿಕೊಂಡಿದ್ದೆ. ರೋಲು ಮುಗಿದದ್ದು ಯಾರಿಗೂ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಇವರು ಬದಲಾಗಿದ್ದಾರೆ. ಇನ್ನು ಅಮ್ಮನ ಹತ್ತಿರ ಸುಳ್ಳೇ ಇಲ್ಲ ಅನ್ನುತ್ತಾರೆ. ಅತ್ತೆ ಮತ್ತೆ ಮಲ್ಲಿಗೆ ತರಿಸುತ್ತಿದ್ದಾರೆ, ಮುಂಚೆಗಿಂತ ಒಂದು ಮೊಳ ಜಾಸ್ತಿ. ಯಾಕೆ ಅಂತ ಕೇಳುವ ಧೈರ್ಯ ನಮಗಿಬ್ಬರಿಗೂ ಇಲ್ಲ.

ಮೊನ್ನೆ ಪಕ್ಕದ ಮನೆ ಮಾಮಿ ಬಂದರು. ಕೂತಲ್ಲೇ ಇಡೀ ಬೀದಿಯ ಆಚಾರವನ್ನು ತೂಗಿ ನೋಡುವಂಥವರು. ಫೋಟೋ ನೋಡುತ್ತಾ ಕೇಳಿದರು, ಅಷ್ಟು ದೂರ ಹೋಗಿದ್ದಿರಲ್ಲ, ರಾಘುವಿನ ಮೆಷಿನ್ನು ಅಲ್ಲಿ ಏನು ಮಾಡುತ್ತೆ?

ಇವರು ಪ್ರಾಮಾಣಿಕರಾಗಿ ಬಾಯಿ ತೆರೆದರು. ಅತ್ತೆ ಕೈಯೆತ್ತಿ ತಡೆದರು.

"ಬಿಸ್ಕತ್ತು ಪ್ಯಾಕ್ ಮಾಡತ್ತೆ ಮಾಮಿ," ಅಂದರು, ರೆಪ್ಪೆ ಕೂಡ ಅಲುಗಾಡಿಸದೆ. "ಬೆಣ್ಣೆ ಬಿಸ್ಕತ್ತು. ಘಮ್ ಅಂತಿತ್ತು ಊರೆಲ್ಲ."

ಮೂರು ವರ್ಷ ಮುದ್ರೆಯಿಲ್ಲದೆ ಓಡಾಡಿಕೊಂಡಿದ್ದ ಆ ಸುಳ್ಳಿಗೆ ಕೊನೆಗೂ ಇನ್‌ಸ್ಪೆಕ್ಟರರ ಬೊಟ್ಟು ಬಿತ್ತು!