ಹನಿ ಆರುವುದರೊಳಗೆ

ಅಕ್ಕಾವರ ಬಲಗೈಯ ತೋರುಬೆರಳು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಬುಟ್ಟಿಗಟ್ಟಲೆ ಬಟ್ಟೆ ಒಗೆದವರ ಬೆರಳಿನ ಹಾಗೆ ಅದರ ತುದಿ ಬಿಳುಚಿ ಸುಕ್ಕುಗಟ್ಟಿತ್ತು. ಪಕ್ಕದಲ್ಲಿ ಹಿತ್ತಾಳೆ ತಂಬಿಗೆ, ಮುಂದೆ ಅವರ ಪಡಸಾಲೆಯ ಕರಿ ಫರಸಿಕಲ್ಲು. ತಂಬಿಗೆಯಲ್ಲಿ ಬೆರಳದ್ದಿ ಆ ಕಲ್ಲಿನ ಮೇಲೆ ಭಾರತದ ನಕಾಶೆ ಬರೆಯುತ್ತಿದ್ದರು. ಕಾಶ್ಮೀರದಿಂದ ಇಳಿದು, ಗುಜರಾತನ್ನು ಸುತ್ತಿ, ಕನ್ಯಾಕುಮಾರಿಯಲ್ಲಿ ತಿರುಗಿ, ಮೇಲೆ ಹತ್ತಿ ಅಸ್ಸಾಮಿಗೆ ಮುಟ್ಟುವ ಹೊತ್ತಿಗೆ ಕಾಶ್ಮೀರ ಆರಿಹೋಗಿರುತ್ತಿತ್ತು. ಬಾಗಲಕೋಟೆಯ ಝಳ ಅಂಥದ್ದು. ಆಮೇಲೆ ಎಲ್ಲೋ ಒಂದು ಕಡೆ ಹನಿಯೊಂದನ್ನು ಇಟ್ಟು ತಲೆ ಎತ್ತುತ್ತಿದ್ದರು.

"ಹೂಂ, ಆರೂದ್ರೊಳಗ ಹೇಳ್ರಿ. ಯಾವ ಊರು? ಅಲ್ಲಿ ಏನೈತಿ?"

ಅವರು ನಮ್ಮ ಹೈಸ್ಕೂಲಿನ ಭೂಗೋಳದ ಅಕ್ಕಾವರು. ಹಳೇ ಬಾಗಲಕೋಟೆಯಲ್ಲಿ ತಂಗಿಯ ಜೊತೆ ಇದ್ದರು. ರವಿವಾರ ಮುಂಜಾನೆ ನಾವು ನಾಲ್ಕೈದು ಹುಡುಗಿಯರು ಕ್ವಿಜ್ ತಯಾರಿಗೆಂದು ಅವರ ಮನೆಗೆ ಹೋಗುತ್ತಿದ್ದೆವು. ಹೋಗಲು ಕ್ವಿಜ್ ಎಷ್ಟು ಕಾರಣವೋ ಅವರ ತಂಗಿ ಒಗ್ಗರಣೆ ಹಾಕಿ ಕೊಡುತ್ತಿದ್ದ ಚುರಮುರಿಯೂ ಅಷ್ಟೇ ಕಾರಣ. ಊರು ಮತ್ತು ವಿಜ್ಞಾನ ಸಂಸ್ಥೆ, ಇವೆರಡು ಅಕ್ಕಾವರ ಹುಚ್ಚು. ಹನಿ ಶಿಮ್ಲಾದ ಮೇಲೆ ಬಿದ್ದರೆ ಆಲೂಗಡ್ಡೆಯ ಸಂಶೋಧನೆ ಅನ್ನಬೇಕು. ಕಟಕ್ ಮೇಲೆ ಬಿದ್ದರೆ ಭತ್ತ, ಚೆನ್ನೈ ಆದರೆ ಚರ್ಮ, ಗೋವಾ ಆದರೆ ಸಮುದ್ರ. ಗೊತ್ತಾಗದಿದ್ದಾಗ ನಾವೆಲ್ಲ ಒಕ್ಕೊರಲಿನಿಂದ "ದಿಲ್ಲಿ!" ಎಂದು ಕೂಗುತ್ತಿದ್ದೆವು. ಕೊನೆಗೆ ಅವರು ದಿಲ್ಲಿಯನ್ನೇ ಆಟದಿಂದ ಹೊರಗೆ ಹಾಕಿದರು.

"ಎಲ್ಲಾನೂ ಒಯ್ದು ದಿಲ್ಲ್ಯಾಗ ಇಟ್ರ ಉಳದ ಊರು ಏನ್ ಮಾಡಬೇಕು?" ಎಂದು ಬೈಯುತ್ತಿದ್ದರು. "ಬಾಯಿಪಾಠ ಯಾಕ ಮಾಡ್ತೀರಿ? ಆಲೂಗಡ್ಡಿಗೆ ಥಂಡಿ ಬೇಕು, ಅದಕ್ಕ ಶಿಮ್ಲಾ. ಉಪ್ಪಿಗೆ ಸಮುದ್ರ ಬೇಕು, ಬಿಸಲು ಬೇಕು, ಅದಕ್ಕ ಭಾವನಗರ. ಆ ಊರಾಗ ಒಂದಿನ ಇದ್ದು ಬಂದಂಗ ವಿಚಾರ ಮಾಡ್ರಿ."

ತಾವು ಮಾತ್ರ ಸೊಲ್ಲಾಪುರ ದಾಟಿ ಹೋದವರಲ್ಲ. ಬಸ್ಸು ಹತ್ತಿದರೆ ಅವರಿಗೆ ವಾಂತಿ.

ನನಗೆ ಮಾತು ತಡೆಯುತ್ತಿತ್ತು. ಪ, ಬ, ಭ ಅಕ್ಷರಗಳು ಬಂದರೆ ತುಟಿ ಅಂಟಿಕೊಂಡು ಬಿಡುತ್ತಿತ್ತು; ಕಣ್ಣು ಮುಚ್ಚಿ ಕತ್ತು ಕುಣಿಸಿದರೂ ಮಾತು ಹೊರಗೆ ಬರುತ್ತಿರಲಿಲ್ಲ. ಅಪ್ಪನ ಪವರ್‌ಲೂಮ್ ಶೆಡ್ಡಿನಲ್ಲಿ ಮಾತ್ರ, ಮಗ್ಗಗಳ ಸದ್ದಿನ ನಡುವೆ, ನಾನು ಪಟಪಟನೆ ಮಾತಾಡುತ್ತಿದ್ದೆ. ಅಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಮನೆಯಲ್ಲಿ ನಾನು ಶುರು ಮಾಡಿದ ಮಾತನ್ನು ಅವ್ವ, ಅಪ್ಪ, ಅಣ್ಣ ಯಾರಾದರೊಬ್ಬರು ಮುಗಿಸಿ ಬಿಡುತ್ತಿದ್ದರು. ಪ್ರೀತಿಯಿಂದಲೇ ಮುಗಿಸುತ್ತಿದ್ದರು. ಆದರೆ ನಾನು "ಬ... ಬ..." ಅಂದರೆ ಅವ್ವ ಬದನೆಕಾಯಿ ಬಡಿಸುವಳು. ನನಗೆ ಬೇಕಾಗಿದ್ದು ಬೆಲ್ಲ. ಸುಮ್ಮನೆ ಉಣ್ಣುತ್ತಿದ್ದೆ. ಇಡೀ ಬಾಲ್ಯ ಹಾಗೆ ಸುಮ್ಮನೆ ಉಂಡೆನೇನೋ ಎಂದು ಈಗ ಅನಿಸುತ್ತದೆ.

ಅಕ್ಕಾವರು ನನ್ನ ಮಾತನ್ನು ಒಮ್ಮೆಯೂ ಮುಗಿಸಲಿಲ್ಲ. ನನ್ನ ಪಾಳಿ ಬಂದಾಗ ಅವರ ಬೆರಳು ತಂಬಿಗೆಯೊಳಗೆ ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತು. ಹನಿ ದಪ್ಪಗೆ, ಗೋಲಿಯಷ್ಟು, ಕಲ್ಲಿನ ಮೇಲೆ ಕೂರುತ್ತಿತ್ತು. ಅದು ಆರುವಷ್ಟರಲ್ಲಿ ನಾನು ಎರಡು ಸಲ ತಡವರಿಸಿ, ಮೂರನೇ ಸಲಕ್ಕೆ ಊರು ಮುಟ್ಟುತ್ತಿದ್ದೆ. ನನಗೆ ಇದು ಗೊತ್ತೇ ಆಗಿರಲಿಲ್ಲ. ಒಂದು ದಿನ ಗೆಳತಿಯೊಬ್ಬಳು ಜಗಳಕ್ಕೆ ನಿಂತಳು.

"ಅಕ್ಕಾರ, ಇಕಿಗೆ ಯಾಕ್ರಿ ದೊಡ್ಡ ಹನಿ?"

"ಆಕಿ ಊರು ದೂರ ಐತಿ, ಅದಕ್ಕ," ಅಂದರು ಅಕ್ಕಾವರು, ತಲೆಯೆತ್ತದೆ.

ನಮ್ಮ ಮನೆ ಅವರ ಮನೆಯ ಹಿಂದಿನ ಓಣಿಯಲ್ಲೇ ಇತ್ತು.

ಜಿಲ್ಲಾ ಮಟ್ಟದ ಸ್ಪರ್ಧೆ ಬಂತು. ನವನಗರದಲ್ಲಿ ಹೊಸದಾಗಿ ಕಟ್ಟಿದ ಸಭಾಂಗಣದಲ್ಲಿ ನಡೆಯುವುದಿತ್ತು. ಪ್ರಶ್ನೆ ಯಾರಿಗೆ ಕೇಳುತ್ತಾರೋ ಅವರೇ ಉತ್ತರ ಹೇಳಬೇಕು, ಪಕ್ಕದವರು ಬಾಯಿ ಹಾಕುವಂತಿಲ್ಲ ಎಂಬುದು ನಿಯಮ. ತಂಡದಲ್ಲಿ ನನ್ನ ಹೆಸರು ಕಂಡು ಹೆಡ್‌ಮಾಸ್ತರರು ಅಕ್ಕಾವರನ್ನು ಕರೆಸಿದರು. ನಾನು ಬಾಗಿಲ ಹೊರಗೇ ನಿಂತಿದ್ದೆ.

"ಆ ಹುಡುಗೀನ ಯಾಕ ಕರಕೊಂಡು ಹೊಂಟೀರಿ? ಮಾತ ಬರೂದಿಲ್ಲ ಆಕಿಗೆ. ಮಂದಿ ಮುಂದ ಪಾಪ, ನಗಿಗೀಡು."

"ಮಾತ ಬರತೈತ್ರಿ ಸರ. ತಡಾ ಆಕ್ಕೈತಿ, ಅಷ್ಟ."

ವೇದಿಕೆಯ ಮೇಲೆ ನನ್ನ ಪಾಳಿ ಬಂದಾಗ ಕಾಲೇಜಿನ ಉಪನ್ಯಾಸಕರೊಬ್ಬರು ಕೇಳಿದರು: "ಉಪ್ಪಿನ ಬಗ್ಗೆ ಸಂಶೋಧನೆ ನಡೆಸುವ ಕೇಂದ್ರ ಸಂಸ್ಥೆ ಯಾವ ನಗರದಲ್ಲಿದೆ?"

ದೇಶದಲ್ಲಿ ಇಷ್ಟೊಂದು ಊರುಗಳಿದ್ದು ನನ್ನ ಪಾಲಿಗೆ ಭಕಾರದ ಊರೇ ಬರಬೇಕೇ! ತುಟಿ ಅಂಟಿತು. ಉತ್ತರ ಗಂಟಲ ಹತ್ತಿರವೇ ನಿಂತಿತ್ತು. ಕಡಲು, ಬಿಸಿಲು, ಬಿಳಿ ರಾಶಿ ಎಲ್ಲ ಕಣ್ಣ ಮುಂದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ಬಾರಿಸಿತು.

"ಸಮಯ ಮುಗಿಯಿತು. ಪ್ರಶ್ನೆ ಮುಂದಿನ ತಂಡಕ್ಕೆ..." ಎಂದು ಉಪನ್ಯಾಸಕರು ತಿರುಗುವಷ್ಟರಲ್ಲಿ ಮುಂದಿನ ಸಾಲಿನಿಂದ ಅಕ್ಕಾವರು ಎದ್ದು ನಿಂತರು.

"ಸರ, ನಮಗ ಅಂಕಾ ಬ್ಯಾಡ್ರಿ. ಆಕಿ ಹೇಳೂದು ಮುಗೀಲಿ."

"ಮೇಡಂ, ನಿಯಮ ಇದೆಯಲ್ಲ..."

"ನಿಯಮ ಅಂಕಕ್ಕ ಐತ್ರಿ. ಮಾತಿಗಿಲ್ಲ."

ಉಪನ್ಯಾಸಕರು ಒಳ್ಳೆಯವರು, ಮತ್ತೆ ನನ್ನ ಕಡೆ ತಿರುಗಿದರು. ಅಕ್ಕಾವರು ತಮ್ಮ ನೀರಿನ ಬಾಟಲಿಯ ಮುಚ್ಚಳ ತೆರೆದು, ಬೆರಳದ್ದಿ, ಕುರ್ಚಿಯ ಕೈಯ ಮೇಲೆ ನಿಧಾನವಾಗಿ ಏನೋ ಇಟ್ಟರು. ಅಷ್ಟು ದೂರದಿಂದ ಹನಿ ಎಲ್ಲಿ ಕಾಣಬೇಕು? ನನಗೆ ಕಂಡಿತು.

"ಭ... ಭಾ... ಭಾವನಗರ," ಎಂದೆ. ನನ್ನದೇ ದನಿ ಮೈಕಿನಿಂದ ಗೋಡೆಗೆ ಹೊಡೆದು ವಾಪಸು ಬಂತು. ಅಷ್ಟು ಜನರ ಮುಂದೆ ನಾನು ಮುಗಿಸಿದ ಮೊದಲ ಮಾತು ಅದು.

ಅಂಕ ಸಿಗಲಿಲ್ಲ. ನಾವು ಸೋತೆವು. ಹೆಡ್‌ಮಾಸ್ತರರು ಮುಖ ಊದಿಸಿಕೊಂಡು ಮೊದಲ ಬಸ್ಸಿಗೇ ಹೋದರು. ಅಕ್ಕಾವರು ಬಸ್ ಸ್ಟ್ಯಾಂಡಿನಲ್ಲಿ ನಮಗೆಲ್ಲ ಮಿರ್ಚಿಭಜಿ ಕೊಡಿಸಿ, "ಗೆದ್ದವರ ಹೆಸರು ನಾಳಿಗೆ ಯಾರಿಗೂ ನೆನಪಿರೂದಿಲ್ಲ. ಭಾವನಗರ ಮಾತ್ರ ಈ ಜಿಲ್ಲಾದಾಗ ಯಾರೂ ಮರಿಯೂದಿಲ್ಲ ಬಿಡ," ಎಂದು ತಾವೇ ನಕ್ಕರು.

ಆಮೇಲೆ ಅಣೆಕಟ್ಟಿನ ಹಿನ್ನೀರು ಏರಿ ಹಳೇ ಊರು ಖಾಲಿಯಾಗತೊಡಗಿತು. ಜನ ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನವನಗರಕ್ಕೆ ಹೊರಟರು. ಅಕ್ಕಾವರು ಪಡಸಾಲೆಯ ಆ ಒಂದು ಫರಸಿಕಲ್ಲನ್ನು ಎಬ್ಬಿಸಿ ಒಯ್ದರು. ಹೊಸ ಮನೆಯ ನುಣ್ಣನೆಯ ಟೈಲ್ಸ್ ನಡುವೆ ಅದೊಂದು ಕರಿಕಲ್ಲು ಕಣ್ಣಿಗೆ ಹೊಡೆಯುತ್ತಿತ್ತು. ಇಡೀ ದೇಶದ ಊರುಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರು ನವನಗರದ ಒಂದೇ ಥರದ ಸೆಕ್ಟರುಗಳಲ್ಲಿ ತಮ್ಮ ಮನೆಯ ದಾರಿಯನ್ನೇ ತಪ್ಪುತ್ತಿದ್ದರು. "ಎಲ್ಲಾ ತಿರುವು ಒಂದ ನಮೂನಿ ಅದಾವಲ್ಲವಾ, ನಾ ಏನ್ ಮಾಡ್ಲಿ?" ಎಂದು ಯಾರದೋ ಕಟ್ಟೆಯ ಮೇಲೆ ಕುಳಿತು ನೀರು ಕೇಳಿ ಕುಡಿಯುತ್ತಿದ್ದರಂತೆ.

ನಾನು ಮದುವೆಯಾಗಿ ಇಳಕಲ್ಲಿಗೆ ಬಂದೆ. ಗಂಡನದು ಸೀರೆ ಅಂಗಡಿ. ಅಕ್ಕಾವರಿಗೆ ಲಕ್ವಾ ಹೊಡೆದಿದೆ ಎಂಬ ಸುದ್ದಿ ಬಂದಾಗ ಎದ್ದವಳೇ ಹೋದೆ. ಬಲಭಾಗ ಬಿದ್ದುಹೋಗಿತ್ತು. ಆ ತೋರುಬೆರಳು ಚಾದರದ ಮೇಲೆ ಒಣಗಿ ಮಲಗಿತ್ತು. ಅದನ್ನು ನೋಡಿ ನನಗೆ ಅಳು ತಡೆಯಲಿಲ್ಲ. ಅವರು ಎಡಗಣ್ಣಿನಿಂದ ಕಲ್ಲಿನ ಕಡೆ ನೋಡಿದರು, ಮತ್ತೆ ನನ್ನ ಕಡೆ. ನಾನು ಕಣ್ಣೊರೆಸಿಕೊಂಡು ತಂಬಿಗೆ ತಂದೆ. ಮಂಚದ ಪಕ್ಕ ಕುಳಿತು ನಕಾಶೆ ಬರೆದೆ. ನಾನು ಬರೆದ ಗುಜರಾತ್ ನೋಡಿ ಅವರ ಮೂಗು ಅರಳಿತು, ನಗೆಯೋ ಬೈಗುಳವೋ. ಗುಜರಾತಿನ ಕಡಲಂಚಿಗೆ ದೊಡ್ಡದೊಂದು ಹನಿ ಇಟ್ಟೆ.

"ಹೇಳ್ರಿ ಅಕ್ಕಾರ. ಅಲ್ಲಿ ಏನೈತಿ?"

ಒಳಗಿನಿಂದ ಅವರ ತಂಗಿ ಬಂದರು. "ಆಕಿಗೆ ಮಾತ ಹೋಗ್ಯಾವ ಯವ್ವಾ, ತ್ರಾಸ ಕೊಡಬ್ಯಾಡ."

"ಹೇಳ್ತಾರ್ರಿ. ತಡಾ ಆಕ್ಕೈತಿ, ಅಷ್ಟ," ಎಂದೆ.

ಹನಿ ಆರಿತು. ಅದೇ ಜಾಗದಲ್ಲಿ ಇನ್ನೊಂದು ಇಟ್ಟೆ. ಅದೂ ಆರಿತು, ಮತ್ತೊಂದು ಇಟ್ಟೆ. ಅವರ ತುಟಿ ಕೂಡುವುದು, ಬಿಡುವುದು, ಮತ್ತೆ ಕೂಡುವುದು. ಆ ಹಟ ನನಗೆ ಗುರುತಿನದು. ಮುಂದೆ ಬಾಗಿ ನಾನೇ ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಉ... ಉಪ್... ಉಪ್ಪ," ಅಂದರು ಅಕ್ಕಾವರು.

ತಂಗಿ ಸೆರಗು ಬಾಯಿಗೆ ಒತ್ತಿಕೊಂಡರು.

ಮಳೆಗಾಲ ಶುರುವಾಗುವ ಮೊದಲೇ ಆ ತಂಗಿಯಿಂದ ಫೋನ್ ಬಂತು. ನಾನು ಅಂಗಡಿಯಲ್ಲಿದ್ದೆ; ಗಂಡ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ, ಮುಂದೆ ಗಿರಾಕಿಗಳಿದ್ದರು. ನನ್ನ ಮುಖ ನೋಡಿ "ಏನಾತು?" ಅಂದ. "ನಮ್ಮ ಭ... ಭ..." ಎಂದು ನಾನು ನಿಂತೆ. ಪಾಪ, ಅವನೂ ನಮ್ಮ ಅವ್ವನ ಹಾಗೆಯೇ. ನನ್ನ ಕಷ್ಟ ನೋಡಲಾರದೆ ಏನೋ ಹೇಳಿ ಮುಗಿಸಲು ಬಾಯಿ ತೆರೆದ. ನಾನು ತೋರುಬೆರಳು ಎತ್ತಿ ತಡೆದೆ. ಗಿರಾಕಿಗಳೂ ಸೀರೆ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು.

"ನಮ್ಮ ಭೂಗೋಳದ ಅಕ್ಕಾರು ತೀರಿಕೊಂಡ್ರು," ಎಂದೆ. ನಾನೇ ಹೇಳಿ ಮುಗಿಸಿದೆ.