ಕಡಲಕುದುರೆಗೆಂದು ಹದ ಮಾಡಿದ ನೀರು

ಹೆಂಡತಿ ತೀರಿಹೋದ ಮೇಲೆ ವಿದ್ಯಾನಗರದ ಈ ಮನೆಯಲ್ಲಿ ನನ್ನ ಜೊತೆ ಕೂತು ಉಣ್ಣುತ್ತಿದ್ದವರು ಒಬ್ಬರೇ, ನಾನೂ ಮಾಷ್ಟ್ರಾಗಿದ್ದ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಮಾಷ್ಟ್ರು. ನನ್ನ ಹಾಗೆಯೇ ಒಂಟಿ, ಎರಡು ಮನೆ ಆಚೆಗೆ ವಾಸ. ಮೀನು ಬರುವ ಮನೆಯಲ್ಲಿ ಅವರು ಊಟ ಮಾಡುವವರಲ್ಲ. ನಮ್ಮ ಸಾಲಿನಲ್ಲಿ ಆ ಕಟ್ಟುನಿಟ್ಟಿಗೆ ಒಗ್ಗುವ ಅಡುಗೆಮನೆ ನನ್ನದೊಂದೇ. ಭಾನುವಾರ ಮಧ್ಯಾಹ್ನ ಬಂದು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಕರಾರು ಮಾಡಿ, ಅದನ್ನೇ ಮತ್ತೆ ಮತ್ತೆ ಬಡಿಸಿಕೊಳ್ಳುತ್ತಿದ್ದರು.

ಉಳಿದ ದಿನ ಮನೆ ಬಿಕೋ ಎನ್ನುತ್ತಿತ್ತು. ಆಗಲೇ ಮೊಬೈಲಿನಲ್ಲಿ ಕಡಲಕುದುರೆಯ ವೀಡಿಯೋ ನೋಡಿದ್ದು. ಹುಲ್ಲಿಗೆ ಬಾಲ ಸುತ್ತಿ, ನಿಂತಲ್ಲೇ ನಿಂತು, ಕಣ್ಣು ಮಾತ್ರ ತಿರುಗಿಸುವ ಜೀವಿ. ನನಗೆ ಹೇಳಿ ಮಾಡಿಸಿದ ಜೊತೆ ಅನ್ನಿಸಿತು. ಪೇಟೆಯ ಅಂಗಡಿಯಿಂದ ಎತ್ತರದ ಗಾಜಿನ ತೊಟ್ಟಿ, ಪಂಪು, ಕಡಲ ಉಪ್ಪಿನ ಪುಡಿ ತಂದು ಚಾವಡಿಯಲ್ಲಿ ಸಜ್ಜುಮಾಡಿದೆ. ನೀರು ಹದವಾಗುವ ಮೊದಲು ಅದರೊಳಗೆ ಯಾವ ಜೀವಿಯನ್ನೂ ಬಿಡಬಾರದಂತೆ. ಒಂದು ಹಸಿ ಸಿಗಡಿ ಹಾಕಿ ಕೊಳೆಯಲು ಬಿಟ್ಟರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ ಎಂದು ವೀಡಿಯೋದವನು ಹೇಳಿದ್ದ.

ಬೆಳಿಗ್ಗೆ ಸ್ಕೂಟರಿನಲ್ಲಿ ಬರುವ ಮೀನಿನವನನ್ನು ಜೀವಮಾನದಲ್ಲಿ ಮೊದಲ ಸಲ ನಿಲ್ಲಿಸಿದೆ.

"ಒಂದೇ ಸಿಗಡಿಯಾ? ಎಂತ ಮಾಷ್ಟ್ರೇ, ಪರಿಮಳ ನೋಡ್ಲಿಕ್ಕಾ?" ಎಂದು ನಕ್ಕು ಅವನು ಪುಕ್ಕಟೆ ಕೊಟ್ಟ. ಹಳೆಯ ಚಮಚದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ನೀರಿಗೆ ಹಾಕಿದೆ.

ಭಾನುವಾರ ಮಾಷ್ಟ್ರು ಚಾವಡಿಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡರು. ಇಲಿ ಸತ್ತಿದೆ ಅಂದಿದ್ದರೆ ಮುಗಿಯುತ್ತಿತ್ತು. ನನಗೆ ಸುಳ್ಳು ಬರುವುದಿಲ್ಲ.

"ಅದೊಂದು ಸಿಗಡಿ. ತಿನ್ಲಿಕ್ಕಲ್ಲ ಮಾರಾಯ್ರೇ, ನೀರಿಗೆ."

"ನೀರಿಗೋ ಬಾಯಿಗೋ, ಮನೆಯೊಳಗೆ ಉಂಟಲ್ಲ" ಎಂದು ಅವರು ಅಂಗಳಕ್ಕಿಳಿದು ನಡೆದೇಬಿಟ್ಟರು.

ನನಗೂ ಪಿತ್ತ ನೆತ್ತಿಗೇರಿತು. ಒಂದು ಸಿಗಡಿಗೆ ಇಷ್ಟು ರಂಪವೇ? ಆಮೇಲೆ ದಾರಿಯಲ್ಲಿ ಸಿಕ್ಕಿದರೆ ಸೆಕೆಯ ಬಗ್ಗೆ ಎರಡು ಮಾತಾಡಿ ಮುಂದೆ ಹೋಗುವುದಾಯಿತು.

ವಾರಗಳು ಕಳೆದು ನೀರು ತಿಳಿಯಾಯಿತು. ಕುದುರೆ ತರಲು ಹೋದರೆ ಅಂಗಡಿಯವನು ತಲೆ ಮೇಲೆ ಕೈಯಿಟ್ಟುಕೊಂಡ.

"ಅಯ್ಯೋ, ಅದನ್ನು ಸಾಕ್ಲಿಕ್ಕೇ ಇಲ್ಲ ಮಾಷ್ಟ್ರೇ. ಕಾನೂನು ಉಂಟು, ಕೇಸಾಗ್ತದೆ. ನೀವು ತೊಟ್ಟಿ ತಕೊಂಡದ್ದು ಬಣ್ಣದ ಮೀನಿಗೆ ಅಂತ ಗ್ರಹಿಸಿದ್ದು ನಾನು."

ಹಿಂದಿರುಗುವ ಬಸ್ಸಿನಲ್ಲಿ ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚು ಖುಷಿಯಾಯಿತು. ಇನ್ನು ಮಾಷ್ಟ್ರು ಬರಬಹುದಲ್ಲ! ತೊಟ್ಟಿಯನ್ನು ಅಂಗಡಿಗೆ ವಾಪಸು ಕಳಿಸಿದೆ. ಚಾವಡಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದೆ. ಭಾನುವಾರ ಅವರಿಗಿಷ್ಟವಾದ ಹಾಗಲಕಾಯಿ ಮೆಣಸ್ಕಾಯಿ ಗೊಜ್ಜು ಮಾಡಿ ಕರೆಯಲು ಹೋದೆ.

ಅವರು ಅನ್ನ ಬಡಿಸಿಕೊಂಡು ಕೂತಿದ್ದರು. ಕಡಲಕುದುರೆಯ ಕಥೆ ಕೇಳಿ ನಕ್ಕರು ಕೂಡ. ಮನೆಗೆ ಕರೆದಾಗ ಮಾತ್ರ ತಟ್ಟೆ ನೋಡುತ್ತಾ ಹೇಳಿದರು:

"ಸಿಟ್ಟು ಎಂತದೂ ಇಲ್ಲ ಮಾಷ್ಟ್ರೇ. ಒಬ್ಬನೇ ಉಂಡು ಅಭ್ಯಾಸ ಆಯ್ತು ಈಗ. ಸುರುವಿಗೆ ಗಂಟಲಲ್ಲಿ ಇಳೀತಿರ್ಲಿಲ್ಲ. ಪುನಃ ನಿಮ್ಮೊಟ್ಟಿಗೆ ಕೂತು, ನಾಳೆ ನಿಮಗೆ ಎಂತಾದ್ರೂ ಆದ್ರೆ, ನಾನು ಇನ್ನೊಮ್ಮೆ ಮೊದಲಿಂದ ಕಲೀಬೇಕಲ್ಲ?"

ಮನೆಗೆ ಬಂದು ಬಡಿಸಿಕೊಂಡೆ. ಮೆಣಸ್ಕಾಯಿ ಹದವಾಗಿಯೇ ಇತ್ತು. ಎರಡು ತುತ್ತು ತಿಂದವನು ಅಲ್ಲೇ ಕೂತು ಅತ್ತೆ. ಅವರು ಕಲಿತದ್ದನ್ನು ನಾನಿನ್ನೂ ಕಲಿತಿಲ್ಲ.